ಬಿಳಿ ಬಣ್ಣ ಹೊಡೆಸಿದರೂ ಹಾಲ್ ಮಂಕಾಗಿರುವುದೇಕೆ?

ಪ್ರಶ್ನೆ: ಬೆಂಗಳೂರಿನಲ್ಲಿ 30×40 ನಿವೇಶನದ ಮನೆಯ ನೆಲಮಹಡಿಯಲ್ಲಿದ್ದೇವೆ. ಹಾಲ್‌ನಲ್ಲಿ ಹಗಲು ಹೊತ್ತಿನಲ್ಲೂ ದೀಪ ಬೇಕು. ಬೆಳಕು ಹೆಚ್ಚಲಿ ಎಂದು ಗೋಡೆಗಳಿಗೆಲ್ಲ ಬಿಳಿ ಬಣ್ಣ ಹೊಡೆಸಿದೆವು. ಈಗ ಮೊದಲಿಗಿಂತ ಮಂಕಾಗಿ, ಬೂದು ತಿರುಗಿದಂತೆ ಕಾಣುತ್ತಿದೆ. ಯಾವ ಬಣ್ಣ ಹೊಡೆಸಿದರೆ ಸರಿಯಾಗುತ್ತದೆ? ಹೊಸ ಸೋಫಾ ಕೊಳ್ಳುವ ಯೋಚನೆಯೂ ಇದೆ.

ಉತ್ತರ: ಸದ್ಯಕ್ಕೆ ಯಾವ ಬಣ್ಣವನ್ನೂ ಹೊಡೆಸಬೇಡಿ. ಮೊದಲು ಬೆಳಕು, ಆಮೇಲೆ ಪೀಠೋಪಕರಣ, ಬಣ್ಣ ಕಟ್ಟಕಡೆಗೆ. ನಮ್ಮಲ್ಲಿ ಹೆಚ್ಚಿನ ಮನೆಗಳಲ್ಲಿ ಈ ಕ್ರಮ ತಲೆಕೆಳಗಾಗಿದೆ. ಪೇಂಟರ್ ಶೇಡ್ ಕಾರ್ಡ್ ಹಿಡಿದು ಬಂದ ದಿನವೇ ಮನೆಯ ಅಂದದ ಮಾತು ಶುರುವಾಗುತ್ತದೆ, ಅವರು ಏಣಿ ಎತ್ತಿಕೊಂಡು ಹೋದ ದಿನ ಮುಗಿಯುತ್ತದೆ.

ಬಿಳಿ ಗೋಡೆ ಬೆಳಕನ್ನು ಹುಟ್ಟಿಸುವುದಿಲ್ಲ. ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಪಾಲನ್ನು ಕೋಣೆಗೆ ಹಿಂದಿರುಗಿಸುತ್ತದೆ, ಅಷ್ಟೆ. ಬಿದ್ದದ್ದೇ ಅತ್ಯಲ್ಪವಾದರೆ ಹಿಂದಿರುಗುವುದೂ ಅತ್ಯಲ್ಪ. ಬಿಳಿಗೆ ತನ್ನದೇ ಆದ ವರ್ಣವಿಲ್ಲದ ಕಾರಣ ಮೂಲೆಯ ನೆರಳೂ ಮರೆಯಾಗದೆ ಬೂದಾಗಿ ಎದ್ದು ಕಾಣುತ್ತದೆ. ಪಕ್ಕದ ಮನೆಯ ಗೋಡೆ ಹಸಿರಾಗಿದ್ದರೆ ನಿಮ್ಮ ಬಿಳಿಗೂ ಹಸಿರು ಛಾಯೆ ಹತ್ತುತ್ತದೆ. ಸೀರೆ ಕೊಳ್ಳುವವರು ಅಂಗಡಿಯ ದೀಪವನ್ನು ನಂಬದೆ ಸೀರೆಯನ್ನು ಬಾಗಿಲಿನ ಬಿಸಿಲಿಗೆ ಹಿಡಿದು ನೋಡುತ್ತಾರೆ. ಸಾವಿರಾರು ರೂಪಾಯಿ ಸುರಿಯುವ ಗೋಡೆಯ ವಿಷಯದಲ್ಲಿ ಅದೇ ಜಾಣತನವನ್ನು ಮರೆತು, ಮೊಬೈಲ್‌ನಲ್ಲಿ ಕಂಡ ಚಿತ್ರಕ್ಕೆ ಮನಸೋಲುತ್ತೇವೆ. ಆ ಚಿತ್ರಗಳ ಅಚ್ಚ ಬಿಳಿ ಕೋಣೆಗಳಲ್ಲಿ ಗೋಡೆಯಗಲದ ಕಿಟಕಿ ಇರುತ್ತದೆ, ಅದರಾಚೆ ತೆರೆದ ಆಕಾಶವಿರುತ್ತದೆ. ನಿಮ್ಮ ಕಿಟಕಿಯ ಮುಂದಿರುವುದು ಮೂರು ನಾಲ್ಕು ಅಡಿ ಓಣಿ, ಅದರಾಚೆ ಇನ್ನೊಬ್ಬರ ಗೋಡೆ.

ಆದ್ದರಿಂದ ಕೆಲಸ ಆ ಓಣಿಯಿಂದಲೇ ಶುರುವಾಗಲಿ. ಎರಡು ಮನೆಗಳ ನಡುವಿನ ಆಕಾಶದ ಪಟ್ಟಿಯಿಂದ ಇಳಿಯುವ ಬೆಳಕು ನೇರವಾಗಿ ನಿಮ್ಮ ಕಿಟಕಿಗೆ ಬರುವುದು ಕಡಿಮೆ. ಕಾಂಪೌಂಡಿಗೆ, ಓಣಿಯ ನೆಲಕ್ಕೆ, ಎದುರು ಗೋಡೆಗೆ ಬಡಿದು ಒಳಗೆ ಬರುತ್ತದೆ. ಕಾಂಪೌಂಡಿನ ಒಳಮೈ ಪಾಚಿಗಟ್ಟಿ ಕಪ್ಪಾಗಿದ್ದರೆ, ಓಣಿಗೆ ಕಡಪ ಕಲ್ಲು ಹಾಸಿದ್ದರೆ ಬೆಳಕು ಅಲ್ಲೇ ಸತ್ತುಹೋಗುತ್ತದೆ. ಕಾಂಪೌಂಡನ್ನು ತಿಕ್ಕಿ ತೊಳೆದು ಬಿಳಿ ಸುಣ್ಣ ಬಳಿಯಿರಿ. ಸಜ್ಜದ ತಳಕ್ಕೂ, ಕಿಟಕಿಯ ಅಕ್ಕಪಕ್ಕದ ಗೋಡೆಯ ದಪ್ಪಕ್ಕೂ ಬಿಳಿಯೇ ಇರಲಿ. ಪಕ್ಕದ ಮನೆಯವರೊಂದಿಗೆ ಸ್ನೇಹವಿದ್ದರೆ, ನಿಮ್ಮ ಕಿಟಕಿಗೆ ಎದುರಾದ ಅವರ ಗೋಡೆಯ ಭಾಗಕ್ಕೆ ನಿಮ್ಮ ಖರ್ಚಿನಲ್ಲೇ ತಿಳಿ ಬಣ್ಣ ಹೊಡೆಸುತ್ತೇವೆ ಎಂದು ಕೇಳಿ ನೋಡಿ. ಹಾಲ್‌ನೊಳಗೆ ಬಳಿಯುವ ದುಬಾರಿ ಎಮಲ್ಷನ್‌ಗಿಂತ ಹೊರಗಿನ ಈ ಬಿಳಿ ಹೆಚ್ಚು ದುಡಿಯುತ್ತದೆ.

ಕಿಟಕಿಯನ್ನೂ ಗಮನಿಸಿ. ಸೊಳ್ಳೆ ಪರದೆಯ ಜಾಲರಿ ಹೊಸದಿದ್ದಾಗಲೇ ಒಂದಿಷ್ಟು ಬೆಳಕನ್ನು ತಡೆಯುತ್ತದೆ, ಧೂಳು ಕೂತ ಮೇಲೆ ಕೇಳುವುದೇ ಬೇಡ. ಕಂದು ಗಾಜು ಅಥವಾ ಚುಕ್ಕೆ ಗಾಜು ಇದ್ದರೆ ಕನಿಷ್ಠ ಮೇಲಿನ ಭಾಗಕ್ಕಾದರೂ ಸ್ಪಷ್ಟ ಗಾಜು ಹಾಕಿಸಿ. ಮರೆ ಬೇಕಿರುವುದು ಕಣ್ಣಿನ ಮಟ್ಟದಲ್ಲಿ, ಬೆಳಕು ಬರುವುದು ಅದಕ್ಕೂ ಮೇಲಿನಿಂದ. ಪರದೆಯ ಕಂಬಿ ಕಿಟಕಿಗಿಂತ ಎರಡೂ ಬದಿಗೆ ಎಂಟು ಹತ್ತು ಇಂಚು ಚಾಚಿರಲಿ. ಆಗ ಸರಿಸಿದ ಪರದೆ ಗಾಜಿನ ಮೇಲೆ ಉಳಿಯದೆ ಗೋಡೆಯ ಮೇಲೆ ನಿಲ್ಲುತ್ತದೆ.

ದಿಕ್ಕಿನ ಬಗ್ಗೆ ಒಂದು ಮಾತು. ಉತ್ತರದ ಕಿಟಕಿಗೆ ಬಿಸಿಲೇ ಬೀಳದು ಎಂಬುದು ಯೂರೋಪಿನ ಮನೆಗಳಿಗೆ ಹೇಳಿದ ಮಾತು. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಇಲ್ಲಿ ನಡುಹಗಲ ಸೂರ್ಯ ನೆತ್ತಿಗಿಂತ ಉತ್ತರಕ್ಕೆ ವಾಲಿರುತ್ತಾನೆ. ಹಾಗಾಗಿ ನಿಮ್ಮ ಹಾಲ್‌ನ ಬೆಳಕನ್ನು ಒಂದೇ ತಿಂಗಳಲ್ಲಿ ಅಳೆದು ತೀರ್ಮಾನಿಸಬೇಡಿ.

ಇನ್ನು ದೀಪ. ಹೆಚ್ಚಿನ ಮನೆಗಳಲ್ಲಿ ಒಂದು ಗೋಡೆಯ ಮೇಲೆ ಒಂದೇ ಒಂದು ಟ್ಯೂಬ್‌ಲೈಟ್, ಅದೂ 6500 ಕೆಲ್ವಿನ್‌ನದು. ಆ ಸಂಖ್ಯೆ ಡಬ್ಬಿಯ ಮೇಲೇ ಮುದ್ರಿತವಾಗಿರುತ್ತದೆ. ಸಂಖ್ಯೆ ಏರಿದಂತೆ ಬೆಳಕು ನೀಲಿಯತ್ತ, ಇಳಿದಂತೆ ಹಳದಿಯತ್ತ ಹೋಗುತ್ತದೆ. ಬಿಳಿ ಗೋಡೆ, ಬೂದು ನೆರಳು, ಮೇಲೆ 6500ರ ದೀಪ ಸೇರಿದರೆ ಮನೆಗೆ ಆಸ್ಪತ್ರೆಯ ವಾರ್ಡಿನ ಕಳೆ ಬರುತ್ತದೆ. ಸಂಜೆ ಮಾತ್ರ ದೀಪ ಹಚ್ಚುವ ಹಾಲ್‌ಗೆ 3000, ನಿಮ್ಮಂತೆ ಹಗಲಿನಲ್ಲೂ ಉರಿಸಬೇಕಾದ ಹಾಲ್‌ಗೆ 4000 ತನ್ನಿ. ಒಂದೇ ಕೋಣೆಯಲ್ಲಿ ಎರಡನ್ನೂ ಬೆರೆಸಬೇಡಿ. ಸಿಆರ್‌ಐ ಎಂದರೆ ದೀಪ ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದರ ಅಳತೆ; ಅದು 90 ಎಂದಿರುವ ಬಲ್ಬ್‌ಗೆ ಸ್ವಲ್ಪ ಹೆಚ್ಚು ಬೆಲೆಯಾದರೂ ಕೊಡಿ, ಮುಖದ ಬಣ್ಣ, ಮರದ ಬಣ್ಣ, ಬಟ್ಟೆಯ ಬಣ್ಣ ನಿಜವಾಗಿ ಕಾಣುತ್ತವೆ. 150 ಚದರಡಿಯ ಹಾಲ್‌ಗೆ 2,500ರಿಂದ 3,000 ಲ್ಯೂಮೆನ್ (ದೀಪ ಕೊಡುವ ಬೆಳಕಿನ ಅಳತೆ) ಸಾಕು. ಒಂಬತ್ತು ವಾಟ್‌ನ ಎಲ್‌ಇಡಿ ಬಲ್ಬ್ ಸುಮಾರು 800ರಿಂದ 900 ಕೊಡುತ್ತದೆ. ಅಂದರೆ ಮೂರು ನಾಲ್ಕು ಬಲ್ಬ್. ಅವನ್ನು ಒಂದೇ ಕಡೆ ಗುಂಪು ಹಾಕದೆ ಹಂಚಿ. ಒಂದು ಮೂಲೆಯಲ್ಲಿ ನಿಲ್ಲುವ ದೀಪ, ಒಂದು ಕುರ್ಚಿಯ ಪಕ್ಕ, ಒಂದು ಗೋಡೆಯ ಮೇಲೆ ಬೆಳಕು ಹರಿಯುವಂತೆ. ಗೋಡೆ ಬೆಳಗಿದರೆ ಕೋಣೆ ದೊಡ್ಡದಾಗಿ ಕಾಣುತ್ತದೆ. ತಾರಸಿಗೆ ಫಾಲ್ಸ್ ಸೀಲಿಂಗ್ ಹಾಕಿಸಿ ಅದರ ತುಂಬ ತೂತು ಕೊರೆದು ದೀಪ ಕೂರಿಸುವುದು ನಿಮ್ಮಂಥ ಹಾಲ್‌ಗೆ ಸಲ್ಲದು. ಇರುವ ಎತ್ತರವೂ ಅರ್ಧ ಅಡಿ ತಗ್ಗುತ್ತದೆ.

ಸೋಫಾದ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿ: ಕತ್ತಲ ಹಾಲ್‌ಗೆ ಎಲ್ ಆಕಾರದ ಸೋಫಾ ಬೇಡ. ನೆಲಕ್ಕೆ ಅಂಟಿ ಕೂರುವ ಆ ದಪ್ಪ ಆಕೃತಿ ಎರಡು ಗೋಡೆಗಳ ಕೆಳಭಾಗವನ್ನೂ ನೆಲದ ದೊಡ್ಡ ಪಾಲನ್ನೂ ನುಂಗಿಬಿಡುತ್ತದೆ. ಕಾಲುಗಳು ಕಾಣುವ, ಅಡಿಯಲ್ಲಿ ನೆಲ ಕಾಣುವ ಮೂರು ಜನರ ಸೋಫಾ ಒಂದು, ಹಗುರವಾಗಿ ಎತ್ತಿಡಬಹುದಾದ ಬೆತ್ತದ ಕುರ್ಚಿ ಎರಡು ಸಾಕು. ಕೊಳ್ಳುವ ಮೊದಲು ಅದರ ಅಳತೆಗೆ ಹಳೆಯ ದಿನಪತ್ರಿಕೆಗಳನ್ನು ನೆಲಕ್ಕೆ ಹಾಸಿ ಕೆಲವು ದಿನ ಅದರ ಸುತ್ತ ಓಡಾಡಿ. ನಡೆಯುವ ದಾರಿ ಎರಡೂವರೆ ಅಡಿಗಿಂತ ಕಿರಿದಾದರೆ ಸೋಫಾ ದೊಡ್ಡದಾಯಿತೆಂದೇ ಅರ್ಥ. ಮನೆಯಲ್ಲಿ ಹಿರಿಯರಿದ್ದರೆ ಆಸನ 17–18 ಇಂಚು ಎತ್ತರವಿರಲಿ, ಹುದುಗಿಹೋಗುವಷ್ಟು ಮೆತ್ತಗಿರಬಾರದು. ಮಂಡಿ ನೋವಿನವರು ಅಂಥದರಿಂದ ಏಳಲು ಪಡುವ ಪಾಡು ನೋಡಲಾಗದು. ಹಬ್ಬಕ್ಕೆ ಹತ್ತು ಜನ ಬಂದರೆ ಹೇಗೆ ಎಂಬ ಚಿಂತೆ ಬೇಡ. ನೆಲದ ಮೇಲೆ ಕೂರುವುದು ನಮಗೆ ಹೊಸದಲ್ಲ, ನವಿಲು ಮತ್ತು ಪಗಡೆ ಹಾಸಿನ ಚಿತ್ತಾರದ ನವಲಗುಂದದ ಜಮಖಾನವೊಂದನ್ನು ಹಾಸಿದರೆ ಹಾಲ್‌ಗೆ ಬೇಕಾದ ಬಣ್ಣದ ಅರ್ಧ ಭಾಗ ಅಲ್ಲೇ ಸಿಗುತ್ತದೆ. ಉಳಿದರ್ಧಕ್ಕೆ ಹಳೆಯ ಇಳಕಲ್ ಸೀರೆಯ ದಿಂಬಿನ ಚೀಲಗಳು.

ಗೋಡೆಯಗಲಕ್ಕೂ ಕಡುಗಂದು ಲ್ಯಾಮಿನೇಟಿನ ಟಿವಿ ಯೂನಿಟ್ ಇದ್ದರೆ ಮಂಕಿಗೆ ಅದೂ ಕಾರಣ. ಟಿವಿಯ ಕೆಳಗೆ ತಗ್ಗಾದ ಒಂದು ಪೆಟ್ಟಿಗೆ ಉಳಿಸಿ, ಮೇಲಿನ ಹಲಗೆಗಳನ್ನು ಬಿಚ್ಚಿಸಿ. ಆದರೆ ಅಜ್ಜನ ಕಾಲದ ಬೀಟೆ ಮರದ ಕುರ್ಚಿಯೋ ಬೀರುವೋ ಇದ್ದರೆ ಅದಕ್ಕೆ ದಯವಿಟ್ಟು ಬಿಳಿ ಬಣ್ಣ ಬಳಿಸಬೇಡಿ. ಕಿಟಕಿಯ ಬೆಳಕು ಬೀಳುವೆಡೆ ಇಡಿ; ಆ ಮರದೊಳಗಿನ ಕೆಂಪು ಹೊರಬರುತ್ತದೆ.

ಇಷ್ಟಾದ ಮೇಲೆ ಬಣ್ಣ. ಬೆಳಕು ಕೊಂಚ ಸುಧಾರಿಸಿದ್ದರೆ ಹಳದಿ ಬೆರೆತ ಕೆನೆಬಿಳಿ ಸಾಕು. ಇನ್ನೂ ಕತ್ತಲಾಗಿಯೇ ಇದ್ದರೆ ಬಿಳಿಯ ಆಸೆ ಬಿಟ್ಟು ತಿಳಿ ಅರಿಶಿನ, ತಿಳಿ ಕಾವಿ, ಗೋಧಿ ಬಣ್ಣಗಳತ್ತ ಹೋಗಿ. ಅವುಗಳಲ್ಲಿ ನೆರಳು ಬೂದಾಗದೆ ಬೆಚ್ಚಗಿನ ಕಂದಾಗುತ್ತದೆ, ಸಂಜೆಯ ದೀಪಕ್ಕಂತೂ ಚೆನ್ನಾಗಿ ಒಪ್ಪುತ್ತದೆ. ತಾರಸಿಯ ಒಳಮೈ ಮಾತ್ರ ಬಿಳಿ. ಕಿಟಕಿ ಇರುವ ಗೋಡೆ ಎಲ್ಲಕ್ಕಿಂತ ತಿಳಿಯಾಗಿರಲಿ, ಏಕೆಂದರೆ ಹೊರಗಿನ ಹೊಳಪಿನ ಪಕ್ಕದಲ್ಲಿ ಕಣ್ಣಿಗೆ ಅದೇ ಅತಿ ಕಪ್ಪಾಗಿ ತೋರುತ್ತದೆ. ಎದುರುಬದುರು ಗೋಡೆಗಳಿಗೆ ಒಂದೇ ಗಾಢ ಬಣ್ಣ ಬೇಡ, ಒಂದರಿಂದ ಇನ್ನೊಂದಕ್ಕೆ ಪುಟಿದು ಡಬ್ಬಿಯಲ್ಲಿ ಕಂಡದ್ದಕ್ಕಿಂತ ಗಾಢವಾಗುತ್ತದೆ. ರೆಡ್ ಆಕ್ಸೈಡ್ ನೆಲವಿದ್ದರೆ ಗೋಡೆಯ ಬುಡಕ್ಕೆ ಕೆಂಪು ಬೆಳಕು ಏರುತ್ತದೆ. ಅಲ್ಲಿ ನೀಲಿ ಛಾಯೆಯ ಬಿಳಿ ಸೇರದು.

ಆರಿಸಿದ ಬಣ್ಣದ ಚಿಕ್ಕ ಡಬ್ಬಿ ತಂದು ಎರಡಡಿ ಚೌಕದ ದಪ್ಪ ಕಾಗದಕ್ಕೆ ಎರಡು ಸಲ ಬಳಿಯಿರಿ. ಅದನ್ನು ನಾಲ್ಕೂ ಗೋಡೆಗಳಿಗೆ ಒರಗಿಸಿ ಬೆಳಿಗ್ಗೆ, ಮಧ್ಯಾಹ್ನ, ದೀಪ ಹಚ್ಚಿದ ಮೇಲೆ ನೋಡಿ. ಗೋಡೆಯಲ್ಲಿ ತೇವದ ಕಲೆಯಿದ್ದರೆ ನೀರು ಬರುವ ಮೂಲವನ್ನು ಮುಚ್ಚಿಸದೆ ಬಣ್ಣ ಮುಟ್ಟಬೇಡಿ, ಗೋಡೆ ಒಣಗಿರುವ ಡಿಸೆಂಬರ್‌ನಿಂದ ಫೆಬ್ರುವರಿವರೆಗಿನ ಕಾಲ ಈ ಕೆಲಸಕ್ಕೆ ಒಳ್ಳೆಯದು. ಈಗಿರುವ ಬಿಳಿ ಗಟ್ಟಿಯಾಗಿದ್ದು, ಕೈಗೆ ಪುಡಿ ಹತ್ತದಿದ್ದರೆ ಮತ್ತೆ ಪುಟ್ಟಿ ಹಾಕಿಸುವ ಅಗತ್ಯವಿಲ್ಲ. ಉಪ್ಪುಕಾಗದದಿಂದ ಹಗುರವಾಗಿ ಉಜ್ಜಿ, ಧೂಳು ಒರೆಸಿ, ಅದರ ಮೇಲೆಯೇ ಎರಡು ಕೋಟ್ ಹೊಡೆಸಬಹುದು.