ಎನ್‌ಐಎಸ್ ಆಗಿದೆ, ಅನುಭವ ಇದೆ. ಇನ್ನೂ ಕೋರ್ಸ್ ಬೇಕಾ?

ಪ್ರಶ್ನೆ: ದಾವಣಗೆರೆಯಲ್ಲಿ ಹೈಸ್ಕೂಲ್ ಮಕ್ಕಳಿಗೆ ವೇಟ್ ಟ್ರೈನಿಂಗ್ ಮಾಡಿಸುತ್ತೇನೆ. ಎನ್‌ಐಎಸ್ (ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ) ಕೋಚಿಂಗ್ ಸರ್ಟಿಫಿಕೇಟ್ ಇದೆ, ಎಂಟು ವರ್ಷದ ಅನುಭವ ಇದೆ. ಆದರೂ ವರ್ಷ ವರ್ಷ ಹೊಸ ಕೋರ್ಸ್ ಮಾಡ್ತಿರಬೇಕು ಅಂತಾರೆ. ನಿಜವಾಗಲೂ ಬೇಕಾ, ಸುಮ್ನೆ ದುಡ್ಡು ದಂಡನಾ?

ಅರ್ಧಕ್ಕರ್ಧ ದಂಡವೇ ಸರ್. ಭಾನುವಾರ ಹೋಟೆಲ್ ಹಾಲ್‌ನಲ್ಲಿ ಕೂರಿಸಿ, ಸ್ಲೈಡ್ ತೋರಿಸಿ, ಊಟ ಹಾಕಿ, ಸಂಜೆ ಸರ್ಟಿಫಿಕೇಟ್ ಕೈಗಿಡುವ ಕೋರ್ಸ್‌ಗಳನ್ನು ನಾನೂ ಮಾಡಿದ್ದೇನೆ. ಹೊಸ ವ್ಯಾಯಾಮ ಕಲಿಯೋಕೆ ಅಂತ ಆದರೆ ಬೇಡವೇ ಬೇಡ. ಬಸ್ಕಿ, ದಂಡ, ಸ್ಕ್ವಾಟ್ ಎಲ್ಲ ನಿಮಗೆ ಗೊತ್ತಿರುವುದೇ. ಗೊತ್ತಿಲ್ಲದೆ ಇರೋದು ಬೆಳೆಯುವ ಮೈ.

ನಾನು ಗರಡಿಯಿಂದ ಬಂದವನು. ಒಬ್ಬ ಹುಡುಗ, ಹದಿಮೂರು ವರ್ಷ, ಬೇಸಿಗೆಗೆ ಮುಂಚೆ ಸ್ಕ್ವಾಟ್‌ಗೆ ನೀಟಾಗಿ ಕೂರುತ್ತಿದ್ದ. ರಜೆ ಮುಗಿಸಿ ಬಂದವನು ಕೂತರೆ ಸಾಕು, ಹಿಮ್ಮಡಿ ಮೇಲೇಳುತ್ತಿತ್ತು. ಮೈಗಳ್ಳ ಅಂತ ಬೈದು ದಿನಾ ಐವತ್ತು ಬಸ್ಕಿ ಜಾಸ್ತಿ ಹೊಡೆಸಿದೆ. ಎರಡು ವಾರಕ್ಕೆ ಅವನ ತಾಯಿ ಬಂದರು: "ಸರ್, ಮೆಟ್ಟಿಲು ಇಳಿಯುವಾಗ ಅಳ್ತಾನೆ." ಮೊಣಕಾಲ ಚಿಪ್ಪಿನ ಕೆಳಗೆ ಮೂಳೆ ಉಬ್ಬಿತ್ತು, ಬೆರಳು ಇಟ್ಟರೆ ನೋವು. ಇದಕ್ಕೆ ಆಸ್‌ಗುಡ್-ಶ್ಲಾಟರ್ ಅಂತ ಹೆಸರಿದೆ ಅಂತ ಗೊತ್ತಾಗಿದ್ದು ಆಮೇಲೆ. ಮೂಳೆ ಬೇಗ ಉದ್ದವಾಗುತ್ತದೆ, ತೊಡೆಯ ಸ್ನಾಯು ಬಿಗಿಯಾಗಿ ಅದನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು (ಟೆಂಡನ್) ಇನ್ನೂ ಗಟ್ಟಿಯಾಗದ ಮೂಳೆಯ ತುದಿಯನ್ನು ಎಳೆಯುತ್ತಲೇ ಇರುತ್ತದೆ, ನಾವು ಅದರ ಮೇಲೆ ಇನ್ನಷ್ಟು ಬಸ್ಕಿ ಹೇರುತ್ತೇವೆ. ಅವನ ಟ್ರ್ಯಾಕ್ ಪ್ಯಾಂಟ್ ಅಂಚಿನಲ್ಲಿ ಹಳೆ ಹೊಲಿಗೆಯ ಗೆರೆ ಎರಡು ಕಾಣುತ್ತಿದ್ದವು. ಎರಡು ಸಲ ಬಿಚ್ಚಿ ಇಳಿಸಿದ್ದರು. ದಿನಾ ಕಣ್ಣೆದುರಿಗೇ ಇತ್ತು, ನಾನು ನೋಡಿರಲಿಲ್ಲ ಅಷ್ಟೇ.

ಹುಡುಗಿಯರು ಸುಮಾರು 12ಕ್ಕೆ, ಹುಡುಗರು ಸುಮಾರು 14ಕ್ಕೆ ತೀರಾ ಜೋರಾಗಿ ಎತ್ತರ ಬೆಳೆಯುತ್ತಾರೆ, ಕೆಲವರು ಎರಡು ವರ್ಷ ಹಿಂದೆ ಮುಂದೆ. ಅದಕ್ಕೇ ಒಂದೇ ಕ್ಲಾಸಿನ ಇಬ್ಬರಿಗೆ ಒಂದೇ ತೂಕ ಕೊಡೋಕಾಗಲ್ಲ. ಈಗ ನಾನು ಮೂರು ತಿಂಗಳಿಗೊಮ್ಮೆ ಗೋಡೆಗೆ ನಿಲ್ಲಿಸಿ ಪೆನ್ಸಿಲ್ ಗುರುತು ಹಾಕುತ್ತೇನೆ. ಬೆಳಿಗ್ಗೆಯೇ ಅಳೆಯಬೇಕು, ಸಂಜೆಗೆ ಎಲ್ಲರೂ ಒಂದು ಚೂರು ಕುಳ್ಳಗಾಗಿರುತ್ತಾರೆ. ಗುರುತು ದಿಢೀರ್ ಅಂತ ಮೇಲೆ ಹೋಯ್ತಾ, ಅವನಿಗೆ ಜಿಗಿತ ಕಡಿಮೆ ಮಾಡಿ, ತೂಕ ಇಳಿಸಿ, ಮೊದಲಿನಿಂದ ಮತ್ತೆ ಕೂರೋದು ಕಲಿಸುತ್ತೇನೆ. ಇದನ್ನು ಕಲಿಸುವ ಕೋರ್ಸ್ ಸಿಕ್ಕರೆ ದುಡ್ಡು ಕೊಟ್ಟು ಸೇರಿ.

ಹಾಗಂತ ವೇಟ್ ಮುಟ್ಟಿಸಲೇಬಾರದು ಅಂತಲ್ಲ. "ತೂಕ ಎತ್ತಿದರೆ ಮಗ ಕುಳ್ಳ ಆಗ್ತಾನಾ" ಅಂತ ಅಪ್ಪಂದಿರು ಕೇಳುತ್ತಲೇ ಇರುತ್ತಾರೆ. ಇಲ್ಲ. ಅಮೆರಿಕದ ಸ್ಟ್ರೆಂತ್ ಕೋಚ್‌ಗಳ ಸಂಸ್ಥೆ ಎನ್‌ಎಸ್‌ಸಿಎ 2009ರಲ್ಲೇ ಹೇಳಿದೆ: ಗೊತ್ತಿರುವವರು ಎದುರಿಗಿದ್ದು ಸರಿಯಾಗಿ ಮಾಡಿಸಿದರೆ ಮಕ್ಕಳಿಗೆ ತೊಂದರೆ ಇಲ್ಲ. ವಾರಕ್ಕೆ 2-3 ದಿನ, ನಡುವೆ ಬಿಡುವು, ಶುರುವಿನಲ್ಲಿ ಹಗುರ ತೂಕ. ತೂಕ ಏರಿಸೋದು ಸಲಕ್ಕೆ 5-10 ಶೇಕಡಾ, ಅದೂ ಸರಿಯಾಗಿ ಮಾಡೋಕೆ ಬಂದಮೇಲೆ.

ಅದೇ ಎನ್‌ಎಸ್‌ಸಿಎ ಕೊಡುವ ಸಿಎಸ್‌ಸಿಎಸ್ ಅನ್ನೋ ಕೋಚ್ ಸರ್ಟಿಫಿಕೇಟ್ ನಿಮ್ಮ ಹತ್ತಿರ ಇದ್ದರೆ ಮಾತೇ ಬೇರೆ. ಮೂರು ವರ್ಷಕ್ಕೊಮ್ಮೆ 6 ಸಿಇಯು, ಅಂದರೆ ಮುಂದೆ ಕಲಿತದ್ದಕ್ಕೆ ಸಿಗುವ ಅಂಕ, ತೋರಿಸಬೇಕು (ನಡುವೆ ಪಾಸಾದವರಿಗೆ ಕಡಿಮೆ), ಇಲ್ಲದಿದ್ದರೆ ಸರ್ಟಿಫಿಕೇಟ್ ಹೋಯ್ತು.

ದುಡ್ಡಿಲ್ಲದೆ ಆಗುವುದೂ ಇದೆ. ಹುಡುಗರು ಯಾವುದೋ ಪುಡಿ ಡಬ್ಬ ತಂದು "ಸರ್, ಕುಡೀಬಹುದಾ" ಅಂತಾರಲ್ವಾ, ಅದಕ್ಕೆ ವಾಡಾದ (ಕ್ರೀಡೆಯಲ್ಲಿ ಉದ್ದೀಪನ ಮದ್ದು ತಡೆಯುವ ಅಂತರರಾಷ್ಟ್ರೀಯ ಸಂಸ್ಥೆ) ಎಡೆಲ್ ಕೋರ್ಸ್ ಆನ್‌ಲೈನ್‌ನಲ್ಲಿ ಪುಕ್ಕಟೆ. ಡಬ್ಬದ ಮೇಲೆ ಬರೆಯದ ನಿಷೇಧಿತ ಪದಾರ್ಥ ಒಳಗಿದ್ದರೂ ಸಿಕ್ಕಿಬೀಳೋದು ಕುಡಿದ ಹುಡುಗನೇ. 2012ರ ಪೋಕ್ಸೊ ಕಾಯ್ದೆಯನ್ನೂ ಒಂದು ಸಲ ಓದಿ: ಹದಿನೆಂಟರೊಳಗಿನ ಮಗುವಿಗೆ ಲೈಂಗಿಕ ಕಿರುಕುಳ ಆಗಿದೆ ಅಂತ ಗೊತ್ತಾದರೆ ಪೊಲೀಸರಿಗೆ ತಿಳಿಸಲೇಬೇಕು, ಸುಮ್ಮನಿದ್ದರೆ ಅದೇ ಅಪರಾಧ.

ಈ ವರ್ಷ ಒಂದೇ ಮಾಡೋಕಾಗೋದು ಅಂದರೆ ಸಿಪಿಆರ್ ಕೋರ್ಸ್ ಮಾಡಿ, ಹೃದಯ ನಿಂತು ಬಿದ್ದವರಿಗೆ ಎದೆ ಒತ್ತಿ ಮಾಡುವ ಪ್ರಥಮ ಚಿಕಿತ್ಸೆ ಅದು. ಏಪ್ರಿಲ್ ಬಿಸಿಲಲ್ಲಿ ಗ್ರೌಂಡ್‌ನಲ್ಲಿ ಮಕ್ಕಳನ್ನು ಓಡಿಸುವವರು ನಾವು. ನಿಮಿಷಕ್ಕೆ 100ರಿಂದ 120 ಸಲ ಎದೆ ಒತ್ತಬೇಕು, ಎರಡೇ ನಿಮಿಷಕ್ಕೆ ತೋಳು ಸೋಲುತ್ತದೆ, ಪೈಲ್ವಾನನಿಗೂ ಅಷ್ಟೇ. ಒತ್ತೋಕೆ ಬೊಂಬೆ ಇಟ್ಟಿಲ್ಲದ ಕ್ಲಾಸ್ ಆದರೆ ಎದ್ದು ಬನ್ನಿ.