ಮರದಿಂದ ಬಿದ್ದವರನ್ನು ನೇರ ಶಿವಮೊಗ್ಗಕ್ಕೇ ತರಬೇಕೇ?

ಮಳೆಗಾಲದಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಯುವಾಗ, ಆಮೇಲೆ ಕೊನೆ ಕೊಯ್ಯುವಾಗ ಅಡಿಕೆ ಮರದಿಂದ ಬೀಳುವವರು ಮಲೆನಾಡಿನ ವೈದ್ಯರಿಗೆ ಹೊಸಬರಲ್ಲ. ಎಷ್ಟೋ ಸಲ ಅವರನ್ನು ಜೀಪಿನ ಹಿಂದಿನ ಸೀಟಿನಲ್ಲಿ ಮುದುರಿ ಕೂರಿಸಿ, ತಾಲ್ಲೂಕು ಆಸ್ಪತ್ರೆಯಲ್ಲಿ ನಿಲ್ಲಿಸದೆ, ಸೀದಾ ಶಿವಮೊಗ್ಗದ ದೊಡ್ಡ ಸರ್ಕಾರಿ ಆಸ್ಪತ್ರೆ ಮೆಗ್ಗಾನ್‌ಗೆ ತರುತ್ತಾರೆ. ಹೇಗಿದ್ದರೂ ಅಲ್ಲಿಗೇ ಕಳಿಸ್ತಾರಲ್ಲ ಎಂಬುದು ಮನೆಯವರ ಲೆಕ್ಕ. ಅರ್ಧ ಸರಿಯಿರುವ ಲೆಕ್ಕ.

ಹಿಮ್ಮಡಿ ಊದಿ ನೀಲಿಗಟ್ಟಿರುತ್ತದೆ, ಎಲ್ಲರ ಕಣ್ಣೂ ಅಲ್ಲೇ. ನಾವು ಬಾಯಿ, ಎದೆ, ಹೊಟ್ಟೆ ನೋಡುತ್ತಿದ್ದರೆ "ಕಾಲು ನೋಡಿ ಡಾಕ್ಟ್ರೇ" ಎಂದು ರೇಗುತ್ತಾರೆ. ಉಸಿರಿನ ದಾರಿ, ಉಸಿರಾಟ, ರಕ್ತಸ್ರಾವ, ಪ್ರಜ್ಞೆ: ಯಾವುದು ಬೇಗ ಕೊಲ್ಲುತ್ತದೋ ಅದಕ್ಕೆ ಮೊದಲ ಸರದಿ. ಹಿಮ್ಮಡಿ ಕಾಯುತ್ತದೆ. ಆದರೆ ಕಾಲೂರಿ ಬಿದ್ದಿದ್ದಾನೆ, ಬೆನ್ನುಮೂಳೆಯನ್ನೂ ಸೊಂಟದ ಮೂಳೆಯನ್ನೂ ನೋಡಿ ಎಂಬ ಸುಳಿವು ಕೊಡುವುದು ಅದೇ.

ಸೊಂಟದ ಮೂಳೆ ಒಡೆದರೆ ಹೊರಗೆ ಹನಿಯೂ ಕಾಣದೆ ಒಳಗೇ ಲೀಟರುಗಟ್ಟಲೆ ರಕ್ತ ಸೋರಬಹುದು. ದೊಡ್ಡವರ ಮೈಯಲ್ಲಿರುವುದೇ ಸುಮಾರು 5 ಲೀಟರ್. ಮೋಸ ಎಲ್ಲೆಂದರೆ, ದುಡಿದು ಗಟ್ಟಿಯಾದ ಮೈ ಹೆಚ್ಚುಕಡಿಮೆ ಮೂರನೇ ಒಂದು ಪಾಲು ರಕ್ತ ಹೋಗುವವರೆಗೂ ಬಿಪಿ ಬೀಳಗೊಡದೆ ಹಿಡಿದಿಟ್ಟೀತು. "ಬಿಪಿ ನಾರ್ಮಲ್ ಅಂದ್ರಲ್ಲ" ಎಂದು ಮನೆಯವರು ನಿಟ್ಟುಸಿರು ಬಿಡುವಾಗ ನಾಡಿ ಓಡುತ್ತಿರುತ್ತದೆ, ಅಂಗೈ ತಣ್ಣಗೆ ಬೆವತಿರುತ್ತದೆ, ಶಾಂತವಾಗಿದ್ದ ಮನುಷ್ಯ ಸಿಡುಕಲು ಶುರುಮಾಡಿರುತ್ತಾನೆ. ನಾನು ನಂಬುವುದು ಇವನ್ನೇ.

ತಾಲ್ಲೂಕು ಆಸ್ಪತ್ರೆ ಬೇಕಾಗುವುದು ಇಲ್ಲಿ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಸುಮಾರು 60 ಕಿಲೋಮೀಟರ್. ಹೊಸನಗರದ ಒಳಹಳ್ಳಿಗಳಿಂದ ಇನ್ನೂ ದೂರ. ತೊಡೆಯ ಕೀಲಿನ ಮಟ್ಟದಲ್ಲಿ ಸೊಂಟ ಬಿಗಿಯಲು ಒಂದು ಬೆಡ್‌ಶೀಟ್ ಸಾಕು. ರಕ್ತಸ್ರಾವ ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್ ಇಂಜೆಕ್ಷನ್ ಗಾಯವಾದ 3 ಗಂಟೆಯೊಳಗೆ ಬಿದ್ದರಷ್ಟೇ ಲಾಭ, ತಡವಾದರೆ ಹಾನಿಯೂ ಆದೀತು. ಗಾಯಾಳುಗಳಿಗೆ ಈ ಔಷಧಿ ಕೊಟ್ಟು ನೋಡಿದ ಕ್ರ್ಯಾಶ್-2 ಎಂಬ ಅಧ್ಯಯನ ಕಲಿಸಿದ್ದು ಅದನ್ನೇ. ಎದೆಗೂಡಲ್ಲಿ ಗಾಳಿ ಸೇರಿ ಶ್ವಾಸಕೋಶ ಅದುಮಿದ್ದರೆ ಸೂಜಿ ಚುಚ್ಚಿ ಹೊರಬಿಡಬೇಕು. ಇವಕ್ಕೆಲ್ಲ ಸ್ಕ್ಯಾನ್ ಬೇಡ. ಹಾಗಂತ ಎಕ್ಸ್‌ರೇಗೆಂದು ಒಂದು ಗಂಟೆ ಕಾಯಿಸುವ ಆಸ್ಪತ್ರೆಯ ಮೇಲೆ ನನಗೂ ಸಿಟ್ಟಿದೆ. ಹತ್ತು-ಹದಿನೈದು ನಿಮಿಷದಲ್ಲಿ ಇಷ್ಟು ಮಾಡಿ, ಶಿವಮೊಗ್ಗಕ್ಕೆ ಫೋನ್ ಹಚ್ಚಿ ಕಳಿಸಬೇಕು.

ತೋಟದಲ್ಲಿ ಮಾಡುವುದು ಸ್ವಲ್ಪವೇ. 108ಕ್ಕೆ ಕರೆ ಮಾಡಿ. ಕುತ್ತಿಗೆ, ಬೆನ್ನು ತಿರುಚದಂತೆ ನಾಲ್ಕು ಜನ ಒಟ್ಟಿಗೆ ಎತ್ತಿ ಹಲಗೆಯ ಮೇಲೆ ಮಲಗಿಸಿ. ಒದ್ದೆ ಬಟ್ಟೆ ತೆಗೆದು ಕಂಬಳಿ ಹೊದಿಸಿ. ಮೈ ತಣ್ಣಗಾದಷ್ಟೂ ರಕ್ತ ಹೆಪ್ಪುಗಟ್ಟುವುದು ಕಷ್ಟ. ನೀರು, ಕಾಫಿ ಏನೂ ಬೇಡ, ಆಪರೇಷನ್ ಬೇಕಾಗಬಹುದು. ಬಿದ್ದ ಹೊತ್ತು ಎಷ್ಟು ಗಂಟೆ ಎಂದು ಜೊತೆಗೆ ಬರುವವರಿಗೆ ಗೊತ್ತಿರಲಿ, ನಾವು ಮೊದಲು ಕೇಳುವುದು ಅದನ್ನೇ.