ಕೆಂಪು ವೈನ್ ಮತ್ತು ಕಲಬುರಗಿಯ ಬಿಸಿಲು

“ಕೆಂಪು ವೈನ್ ಫ್ರಿಜ್‌ನಲ್ಲಿ ಇಡಬಾರದು ಅಲ್ವಾ ಸರ್?” ಕಲಬುರಗಿಯ ಹೋಟೆಲ್‌ಗಳಲ್ಲಿ ನಾನು ತರಬೇತಿ ಕೊಡುವ ಹುಡುಗರು ಮೊದಲು ಕೇಳುವುದು ಇದನ್ನೇ. ಕೋಣೆಯಲ್ಲಿದ್ದ ಹಾಗೇ ಕೊಡಬೇಕು ಅನ್ನುವುದು ಫ್ರಾನ್ಸಿನ ತಣ್ಣನೆಯ ಮನೆಗಳ ಮಾತು. ಇಲ್ಲಿ ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟಿರುತ್ತದೆ. ಕ್ಯಾಬರ್ನೆ, ಮೆರ್ಲೋ ಎಂಬ ಎರಡು ದ್ರಾಕ್ಷಿ ತಳಿ ಬೆರೆಸಿದ ವೈನಿಗೆ ಬೇಕಾದದ್ದು 16ರಿಂದ 18.

ಈ ಬೆರಕೆಯ ತವರು ಫ್ರಾನ್ಸಿನ ಬೋರ್ಡೋ. ಕ್ಯಾಬರ್ನೆ ಸೋವಿನ್ಯೋನ್ ಹಣ್ಣು ಸಣ್ಣದು, ಸಿಪ್ಪೆ ದಪ್ಪ. ಹಾಗಾಗಿ ಒಗರು ಜಾಸ್ತಿ, ವೈನ್ ವರ್ಷಗಟ್ಟಲೆ ತಡೆಯುತ್ತದೆ. ಮೆರ್ಲೋ ಮೆತ್ತಗೆ, ಬಾಯಿ ತುಂಬುವ ರುಚಿ. ಅದು ಬೇಗ ಚಿಗುರಿ ಬೇಗ ಹಣ್ಣಾಗುತ್ತದೆ, ಕ್ಯಾಬರ್ನೆ ತಡ. ವಸಂತದ ಹಿಮ ಬಿದ್ದರೆ ಮೆರ್ಲೋಗೆ ಪೆಟ್ಟು, ಕೊಯ್ಲಿನ ಹೊತ್ತಿಗೆ ಮಳೆ ಬಂದರೆ ಕ್ಯಾಬರ್ನೆಗೆ. ತೊಗರಿ ಸಾಲಿನ ನಡುವೆ ಹೆಸರು ಬಿತ್ತುವ ನಮ್ಮ ರೈತರ ಲೆಕ್ಕವೇ ಅಲ್ಲೂ. ಅದಕ್ಕೇ ಒಂದೇ ತೋಟದ ವೈನಿನಲ್ಲೂ ಎರಡರ ಪಾಲು ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಬೋರ್ಡೋದೊಳಗೇ ಮೆಡೋಕ್ ಭಾಗದ ಗರಸು ನೆಲದಲ್ಲಿ ಕ್ಯಾಬರ್ನೆ ಕೈ ಮೇಲು, ಪೊಮೆರೋಲ್ ಭಾಗದ ಜೇಡಿಮಣ್ಣಿನಲ್ಲಿ ಮೆರ್ಲೋದ್ದು.

ಇಷ್ಟು ಲೆಕ್ಕ ಹಾಕಿ ಮಾಡಿದ ವೈನನ್ನು ಬಿಸಿಬಿಸಿಯಾಗಿ ಕೊಟ್ಟರೆ ಏನಾಗುತ್ತದೆ? ಗ್ಲಾಸ್ ಮೂಗಿಗೆ ಹಿಡಿದ ಕೂಡಲೇ ಸ್ಪಿರಿಟ್ ವಾಸನೆ ರಪ್ಪನೆ ಹೊಡೆಯುತ್ತದೆ. ಮೆರ್ಲೋದ ಹಣ್ಣಿನ ಘಮ ಅದರ ಅಡಿಯಲ್ಲಿ ಮುಚ್ಚಿಹೋಗುತ್ತದೆ. ಹಾಗಂತ ಬಿಯರ್‌ನಷ್ಟು ತಂಪು ಮಾಡಿದರೂ ಕೆಟ್ಟಿತು, ಒಗರು ನಾಲಿಗೆ ಹಿಡಿಯುತ್ತದೆ.

ನಾನು ಹೇಳಿಕೊಡುವ ದಾರಿ ಸುಲಭ. ಬಕೆಟ್‌ಗೆ ಐಸ್ ಜೊತೆ ನೀರೂ ಹಾಕಿ. ಬರೀ ಐಸ್ ಬಾಟಲಿಗೆ ಅಲ್ಲಲ್ಲಿ ಮಾತ್ರ ತಾಗುತ್ತದೆ. ಕತ್ತಿನವರೆಗೆ ಮುಳುಗಿಸಿ, ಹತ್ತು ನಿಮಿಷಕ್ಕೆ ತೆಗೆದು ಒಂದು ಗುಟುಕು ನೋಡಿ, ಸಾಲದಿದ್ದರೆ ಮತ್ತೆ ಇಡಿ. ಮನೆಯಲ್ಲಾದರೆ ಫ್ರಿಜ್‌ನಲ್ಲಿ ಮುಕ್ಕಾಲು ಗಂಟೆ. ಗ್ಲಾಸ್ ಮೂರನೇ ಒಂದು ಭಾಗ ತುಂಬಿಸಿದರೆ ಸಾಕು. ನಮ್ಮ ಸೆಕೆಗೆ ಅದು ಬೇಗ ಬಿಸಿಯಾಗುತ್ತದೆ. ಕಪಾಟಿನ ತುಂಬ ಚಂದದ ಬಾಟಲಿ ಜೋಡಿಸಿಟ್ಟು ಬೇಸಿಗೆ ಕಳೆಯುವವರಿದ್ದಾರೆ. ಆ ಸೆಕೆಗೆ ವೈನ್ ಕೆಡುತ್ತದೆ, ಸುಮ್ನೆ ದುಡ್ಡು ಹಾಳು!

ಊಟಕ್ಕೆ? ಖಾರ ಜಾಸ್ತಿಯಾದಷ್ಟೂ ಒಗರು ಉರಿಯುತ್ತದೆ, ಹಾಗಾಗಿ ಕೆಂಪು ಖಾರದ ಚಟ್ನಿ ದೂರ ಇಡಿ. ಕೊಬ್ಬಿರುವ ಮಟನ್, ಮೆಣಸಿನಕಾಯಿ ಕಡಿಮೆ ಹಾಕಿ ಹದವಾಗಿ ಬೇಯಿಸಿದ್ದು, ಇದಕ್ಕೆ ಸರಿಜೋಡಿ. ಉಳಿದ ವೈನಿಗೆ ಬಿರಡೆ ಹಾಕಿ ಫ್ರಿಜ್‌ಗೆ ಸೇರಿಸಿ, ಎರಡು ಮೂರು ದಿನದಲ್ಲಿ ಮುಗಿಸಿ.